ಏರು ಹತ್ತದ ಪಿಕಪ್: ಚೋಕ್ ಆದ ಕ್ಯಾಟಲಿಟಿಕ್ ಕನ್ವರ್ಟರ್ ಪತ್ತೆಯಾದ ಬಗೆ

ಬಳ್ಳಾರಿಯ ನಮ್ಮ ಗ್ಯಾರೇಜಿಗೆ ಬಂದ ಒಂದು ವಾಹನದ ಪ್ರಕರಣವಿದು. 2017ರ ಮಾದರಿಯ, ಭಾರತ್ ಸ್ಟೇಜ್ 4 ವಾಯುಮಾಲಿನ್ಯ ಮಾನದಂಡದ, ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಭಾಗ) ಇರುವ ಕಾಮನ್ ರೈಲ್ ಡೀಸೆಲ್ ಪಿಕಪ್. ಮಾಲೀಕರು, ಚಾಲಕ ಮತ್ತು ನಮಗಿಂತ ಮೊದಲು ಈ ವಾಹನಕ್ಕೆ ಕೈಹಾಕಿದ ಗ್ಯಾರೇಜುಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ. ತಯಾರಕ ಕಂಪನಿಯ ಹೆಸರನ್ನೂ ಬಿಟ್ಟಿದ್ದೇವೆ. ಇಲ್ಲಿ ಕಂಡುಬಂದ ದೋಷ, ಅಂದರೆ ಹೊಗೆಯನ್ನು ಶುಚಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡದ್ದು, ಬಳಕೆಯ ರೀತಿಯಿಂದ ಬಂದದ್ದು, ಇದೇ ವರ್ಗದ ಯಾವ ವಾಹನಕ್ಕೂ ಬರಬಹುದಾದದ್ದು.

ಹಿನ್ನೆಲೆ

ಮಾಲೀಕರ ಬಳಿ ಒಂದೇ ಮಾದರಿಯ ಎರಡು ಪಿಕಪ್‌ಗಳಿದ್ದವು. ಒಂದು ಸಿರುಗುಪ್ಪದ ಕಡೆಯಿಂದ ಅಕ್ಕಿ ಚೀಲ ತರುವ ಕೆಲಸದಲ್ಲಿತ್ತು. ಇನ್ನೊಂದು, ಅಂದರೆ ಈ ಪ್ರಕರಣದ ವಾಹನ, ವರ್ಷಗಟ್ಟಲೆ ಬಳ್ಳಾರಿ ಊರೊಳಗೇ ಜೀನ್ಸ್ ಕೆಲಸಕ್ಕೆ ಓಡಿತ್ತು. ಇಲ್ಲಿನ ಜೀನ್ಸ್ ಉದ್ಯಮ ಒಂದೇ ಸೂರಿನಡಿ ನಡೆಯುವುದಿಲ್ಲ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಗೆ ಹಲವು ಸಣ್ಣ ಘಟಕಗಳಲ್ಲಿ, ತೊಳೆಯುವುದು ಮತ್ತೊಂದು ಕಡೆ, ಕೊನೆಗೆ ಬಂಡಲ್‌ಗಳು ಸೇರುವುದು ಟ್ರಾನ್ಸ್‌ಪೋರ್ಟ್ ಕಚೇರಿಗೆ. ಹೀಗಾಗಿ ಈ ಕೆಲಸದ ವಾಹನ ಓಡುವುದಕ್ಕಿಂತ ಓಣಿಗಳಲ್ಲಿ ನಿಲ್ಲುವುದೇ ಹೆಚ್ಚು. ಈ ಸಂಗತಿಯೇ ಮುಂದೆ ಪ್ರಕರಣದ ತಿರುಳಾಯಿತು, ಆದರೆ ವಾಹನ ನಮ್ಮ ಬಳಿ ಬಂದಾಗ ಯಾರೂ ಅದನ್ನು ರೋಗದ ಭಾಗವೆಂದು ಹೇಳಲಿಲ್ಲ.

ಮಾಲೀಕರು ಸಂಡೂರಿನ ಕಡೆಗೆ ಕಿರಾಣಿ ಸಾಮಾನು ಸಾಗಿಸುವ ಹೊಸ ಕೆಲಸವನ್ನು ಒಪ್ಪಿಕೊಂಡ ಮೇಲೆ ತೊಂದರೆ ಎದ್ದಿತು. ಕುಡತಿನಿ, ತೋರಣಗಲ್ಲಿನವರೆಗೆ ಬಯಲು ರಸ್ತೆಯಲ್ಲಿ ವಾಹನ ಹೇಗೋ ಓಡುತ್ತಿತ್ತು. ಸಂಡೂರಿನ ಗುಡ್ಡದ ಏರು ಬಂದೊಡನೆ ಎರಡನೇ ಗೇರಿಗೆ ಇಳಿದು, ಆಕ್ಸಲರೇಟರ್ ಪೂರ್ತಿ ಒತ್ತಿದರೂ ತೆವಳುತ್ತಿತ್ತು. "ಊರಾಗ ಚೆನ್ನಾಗೇ ಓಡ್ತೈತ್ರಿ, ಏರು ಬಂತಂದ್ರ ದಮ್ಮು ಕಟ್ತೈತಿ" ಎಂಬುದು ಮಾಲೀಕರ ದೂರು. ಕಪ್ಪು ಹೊಗೆ ಹೆಚ್ಚಾಗಿದೆ, ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಎಂದೂ ಸೇರಿಸಿದರು. ಚೆಕ್ ಎಂಜಿನ್ ದೀಪ ಮಾತ್ರ ಒಮ್ಮೆಯೂ ಹೊತ್ತಿರಲಿಲ್ಲ.

ನಮಗಿಂತ ಮೊದಲು ನಡೆದದ್ದು

ಮೊದಲ ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಬದಲಿಸಿದ್ದರು. ಅದಿರಿನ ಕೆಂಪು ದೂಳು ಹಾರುವ ತೋರಣಗಲ್ಲು-ಸಂಡೂರು ದಾರಿಯಲ್ಲಿ ಓಡುವ ವಾಹನಕ್ಕೆ ಅದು ಸರಿಯಾದ ಮೊದಲ ಹೆಜ್ಜೆಯೇ. ಲಾಭವಾಗಲಿಲ್ಲ. ಎರಡನೇ ಗ್ಯಾರೇಜು ಕ್ಲಚ್ ಪ್ಲೇಟ್ ಬದಲಿಸಿತು. ಈ ಖರ್ಚನ್ನು ತಪ್ಪಿಸಬಹುದಿತ್ತು. ಕ್ಲಚ್ ಜಾರುತ್ತಿದ್ದರೆ ಎಂಜಿನ್ನಿನ ಆರ್‌ಪಿಎಂ ಏರುತ್ತದೆ, ವಾಹನದ ವೇಗ ಮಾತ್ರ ಏರುವುದಿಲ್ಲ. ಇಲ್ಲಿ ಏರಿನಲ್ಲಿ ಎರಡೂ ಏರುತ್ತಿರಲಿಲ್ಲ. ಚಾಲಕನ ಪಕ್ಕದಲ್ಲಿ ಕುಳಿತು ಮೀಟರ್ ನೋಡಿದ್ದರೆ ಇಷ್ಟು ತಿಳಿಯುತ್ತಿತ್ತು. ಮೂರನೆಯವರು ಏನನ್ನೂ ಬಿಚ್ಚದೆ, ಟರ್ಬೊ ಹೋಗಿದೆ, ಹೊಸದು ಹಾಕಬೇಕು ಎಂದಿದ್ದರು. ಆ ಬೆಲೆ ಕೇಳಿದ ಮೇಲೆ ಮಾಲೀಕರು ನಮ್ಮಲ್ಲಿಗೆ ಬಂದದ್ದು.

ಲೋಡಿನೊಂದಿಗೆ ತಪಾಸಣೆ

ಲೋಡ್ ಇಲ್ಲದೆ, ಗ್ಯಾರೇಜಿನ ಅಂಗಳದಲ್ಲಿ ಈ ವಾಹನದ ದೋಷ ಕಾಣುವುದು ಸಾಧ್ಯವಿರಲಿಲ್ಲ. ಆದ್ದರಿಂದ ಮಾಮೂಲಿ ಲೋಡ್ ಹಾಕಿಸಿ, ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಜೋಡಿಸಿ, ಚಾಲಕನ ಜೊತೆ ಅದೇ ಏರಿಗೆ ಹೋದೆವು. ಹೊರಡುವ ಮೊದಲು, ಎಂಜಿನ್ ಬಂದ್ ಇದ್ದು ಕೀ ಮಾತ್ರ ಆನ್ ಇರುವಾಗ, ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಒತ್ತಡದ ಸೆನ್ಸರ್ ಸುಮಾರು 96 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. ಸಮುದ್ರಮಟ್ಟದಲ್ಲಿ ಇದು 101ರ ಆಸುಪಾಸು ಇರುತ್ತದೆ. ಸಮುದ್ರಮಟ್ಟದಿಂದ ಐನೂರು ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿರುವ ಬಳ್ಳಾರಿಗೆ 96 ಸರಿಯಾದ ಅಂಕಿ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂಬುದು ಇದರಿಂದ ಖಚಿತವಾಯಿತು. ಸೆನ್ಸರನ್ನೇ ನಂಬಿ ಮುಂದಿನ ತೀರ್ಮಾನ ಮಾಡುವವರು ಈ ಒಂದು ನಿಮಿಷದ ಕೆಲಸವನ್ನು ಬಿಡಬಾರದು.

ಏರಿನಲ್ಲಿ ಕಂಡದ್ದು ಹೀಗಿತ್ತು. ಪೆಡಲ್ ಪೂರ್ತಿ ಒತ್ತಿದ್ದು ಕಂಪ್ಯೂಟರಿಗೆ ತಲುಪುತ್ತಿತ್ತು. ಕಾಮನ್ ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ ಕೇಳಿದಷ್ಟೇ ಬರುತ್ತಿತ್ತು, ಆದ್ದರಿಂದ ಪಂಪ್ ಮತ್ತು ಫಿಲ್ಟರಿನ ಮೇಲಿನ ಅನುಮಾನ ಬಿಟ್ಟುಹೋಯಿತು. ಆದರೆ ಟರ್ಬೊದ ಒತ್ತಡ, ಅಂದರೆ ಬೂಸ್ಟ್, ವಾತಾವರಣದ ಒತ್ತಡವೂ ಸೇರಿ 210 ಕಿಲೋಪ್ಯಾಸ್ಕಲ್ ಬೇಕಾದ ಕಡೆ 150 ದಾಟುತ್ತಿರಲಿಲ್ಲ, ಮತ್ತು ಎಂಜಿನ್ ಒಳಗೆಳೆಯುವ ಗಾಳಿಯ ಪ್ರಮಾಣವೂ ಅಷ್ಟೇ ಕುಗ್ಗಿತ್ತು. ಕಂಪ್ಯೂಟರಿನ ನೆನಪಿನಲ್ಲಿ ಈ ಯಾವುದಕ್ಕೂ ಸಂಬಂಧಿಸಿದ ದೋಷದ ಕೋಡ್ ಇರಲಿಲ್ಲ; ಹಿಂದೆಂದೋ ದಾಖಲಾದ, ಬ್ಯಾಟರಿ ವೋಲ್ಟೇಜ್ ಕಡಿಮೆ ಎಂಬ ಒಂದೇ ಕೋಡ್ ಇತ್ತು. ಅದನ್ನು ಬರೆದಿಟ್ಟುಕೊಂಡು ಮುಂದೆ ಸಾಗಿದೆವು.

ಬೂಸ್ಟ್ ಕಡಿಮೆಯಾಗುವುದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳು. ಗಾಳಿ ಒಳಗೆ ಬರುತ್ತಿರಬಾರದು, ಅಥವಾ ಒತ್ತಿದ ಗಾಳಿ ನಡುವೆ ಸೋರುತ್ತಿರಬೇಕು, ಅಥವಾ ಟರ್ಬೊವೇ ಕೆಟ್ಟಿರಬೇಕು, ಇಲ್ಲವೇ ಹೊಗೆ ಹೊರಗೆ ಹೋಗಲು ದಾರಿ ಇರಬಾರದು. ಫಿಲ್ಟರ್ ಹೊಸದಾದ್ದರಿಂದ ಸೋರಿಕೆಯಿಂದ ಆರಂಭಿಸಿದೆವು. ಇನ್‌ಟೇಕ್ ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರಿನಿಂದ ಕಡಿಮೆ ಒತ್ತಡದ ಗಾಳಿ ತುಂಬಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದಾಗ, ಇಂಟರ್‌ಕೂಲರಿಗೆ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಹೋಸಿನ ಕೆಳಭಾಗದಲ್ಲಿ ಗುಳ್ಳೆ ಬಂತು. ಸುಮಾರು ಒಂದು ಬೆರಳುದ್ದದ ಸೀಳು. ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತಿತ್ತು. ಸೀಳಿನಿಂದ ಹೊರಬಂದ ಎಣ್ಣೆಯ ತೇವಕ್ಕೆ ಕೆಂಪು ದೂಳು ಅಂಟಿ ಒಂದು ಗೆರೆಯಾಗಿತ್ತು. ಈ ಪ್ರದೇಶದಲ್ಲಿ ಎಲ್ಲ ವಾಹನಗಳ ಹೊಟ್ಟೆಯೂ ಕೆಂಪಾಗಿರುವುದರಿಂದ ಆ ಗೆರೆಯನ್ನು ಮೊದಲಿನವರು ದೂಳೆಂದೇ ಬಿಟ್ಟಿರಬೇಕು. ವಾಸ್ತವದಲ್ಲಿ ನಮ್ಮ ಕೆಂಪು ದೂಳು ಸೋರಿಕೆ ಹುಡುಕುವವರಿಗೆ ಒಳ್ಳೆಯ ಸಹಾಯಕ: ಒಣ ರಬ್ಬರಿನ ಮೇಲಿನ ದೂಳು ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಎಣ್ಣೆ ಇರುವಲ್ಲಿ ಅಂಟಿಕೊಂಡೇ ಇರುತ್ತದೆ.

ಹೋಸ್ ಬದಲಿಸಿದ ಮೇಲೆ ಕಪ್ಪು ಹೊಗೆ ಬಹಳಷ್ಟು ತಗ್ಗಿತು. ಗಾಳಿಯನ್ನು ಅಳೆಯುವ ಸೆನ್ಸರ್ ಸೀಳಿಗಿಂತ ಮೊದಲೇ ಇರುವುದರಿಂದ, ಎಂಜಿನ್ನಿಗೆ ಸೇರದೆ ಸೋರಿಹೋದ ಗಾಳಿಗೂ ಕಂಪ್ಯೂಟರ್ ಡೀಸೆಲ್ ಹಾಕುತ್ತಿತ್ತು. ಅದು ನಿಂತಿತು. ಬೂಸ್ಟ್ 165ರವರೆಗೆ ಬಂತು, ಆದರೆ ಏರಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಟರ್ಬೊ ಬದಲಿಸುವುದೋ, ಅಳೆಯುವುದೋ

ಈ ಹಂತದಲ್ಲಿ ಮಾಲೀಕರು ಟರ್ಬೊ ಹಾಕಿಸಿಬಿಡೋಣ ಎಂದರು. ಸೋರಿಕೆ ಮುಚ್ಚಿದ ಮೇಲೂ ಬೂಸ್ಟ್ ಬರುತ್ತಿಲ್ಲವಾದ್ದರಿಂದ ಅವರ ಮಾತಿನಲ್ಲಿ ತರ್ಕವಿತ್ತು. ಆದರೆ ಗಾಳಿಯ ಪೈಪ್ ಬಿಚ್ಚಿ ನೋಡಿದಾಗ ಟರ್ಬೊದ ಶಾಫ್ಟ್ ಸಲೀಸಾಗಿ ತಿರುಗುತ್ತಿತ್ತು, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿರಲಿಲ್ಲ, ವೇಸ್ಟ್‌ಗೇಟಿನ (ಬೂಸ್ಟ್ ಮಿತಿ ಮೀರದಂತೆ ತಡೆಯುವ ಕವಾಟದ) ಕಡ್ಡಿಯೂ ಸರಿಯಾಗಿ ಚಲಿಸುತ್ತಿತ್ತು. ಟರ್ಬೊದ ಟರ್ಬೈನ್ ತಿರುಗುವುದು ತನ್ನೊಳಗೆ ಬರುವ ಮತ್ತು ಹೊರಹೋಗುವ ಹೊಗೆಯ ಒತ್ತಡಗಳ ಅಂತರದಿಂದ. ಹೊಗೆ ಹೊರಹೋಗುವ ದಾರಿ ಕಟ್ಟಿಕೊಂಡಿದ್ದರೆ ಹೊಸ ಟರ್ಬೊ ಕೂಡ ಹಳೆಯದರಂತೆಯೇ ಸೊರಗುತ್ತದೆ.

ಅತ್ತ ಬೆರಳು ತೋರುವ ಎರಡು ಸುಳಿವುಗಳೂ ಇದ್ದವು. ಏರಿನಲ್ಲಿ ಹೋಗುವಾಗ ಚಾಲಕ, ಕಾಲ ಕೆಳಗೆ ಕಾವು ಜಾಸ್ತಿ ಎಂದು ಮಾತಿನ ನಡುವೆ ಹೇಳಿದ್ದ. ಬಳ್ಳಾರಿಯ ಬಿಸಿಲಿನಲ್ಲಿ ಅದನ್ನು ದೂರೆಂದು ಯಾರೂ ಪರಿಗಣಿಸಿರಲಿಲ್ಲ. ಮತ್ತೆ, ಎರಡೂ ಪಿಕಪ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಆರ್‌ಪಿಎಂ ಏರಿಸಿದಾಗ, ಸೈಲೆನ್ಸರ್ ಬಾಯಿಗೆ ಸ್ವಲ್ಪ ದೂರದಲ್ಲಿ ಹಿಡಿದ ಕೈಗೆ ಸಿರುಗುಪ್ಪದ ದಾರಿಯ ವಾಹನದ ಹೊಗೆ ರಭಸವಾಗಿ ಬಡಿಯುತ್ತಿತ್ತು, ದೂರಿನ ವಾಹನದ್ದು ಮೆತ್ತಗೆ ಉಸುರುತ್ತಿತ್ತು.

ಪೆಟ್ರೋಲ್ ವಾಹನದಲ್ಲಾದರೆ ಇದನ್ನು ಅಳೆಯುವುದು ಸುಲಭ. ಕನ್ವರ್ಟರಿಗೆ ಮೊದಲಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಜೋಡಿಸಬಹುದು, ಇಲ್ಲವೇ ವ್ಯಾಕ್ಯೂಮ್ ಗೇಜಿನ ಮುಳ್ಳು ಹೆಚ್ಚಿನ ಆರ್‌ಪಿಎಂನಲ್ಲಿ ನಿಧಾನವಾಗಿ ಇಳಿಯುವುದನ್ನು ನೋಡಬಹುದು. ಐಡ್ಲಿಂಗಿನಲ್ಲಿ 9 ಕಿಲೋಪ್ಯಾಸ್ಕಲಿಗಿಂತ, 2500 ಆರ್‌ಪಿಎಂನಲ್ಲಿ 20 ಕಿಲೋಪ್ಯಾಸ್ಕಲಿಗಿಂತ ಹೆಚ್ಚು ಹಿಂದೊತ್ತಡ (ಹೊರಹೋಗಲಾರದ ಹೊಗೆ ಎಂಜಿನ್ನಿನತ್ತ ಹಾಕುವ ಒತ್ತಡ) ಬಂದರೆ ಅನುಮಾನಿಸಬೇಕು ಎಂಬ ರೂಢಿಯ ಲೆಕ್ಕ ಪೆಟ್ರೋಲ್ ಎಂಜಿನ್ನಿನದು. ಡೀಸೆಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಅಂಥ ವ್ಯಾಕ್ಯೂಮ್ ಇರುವುದಿಲ್ಲ, ಈ ವಾಹನದ ಪೈಪಿನಲ್ಲಿ ಸೆನ್ಸರಿನ ತೂತೂ ಇರಲಿಲ್ಲ, ಮತ್ತು ಆ ಅಂಕಿಗಳನ್ನು ನೇರವಾಗಿ ಇಲ್ಲಿಗೆ ತಂದರೆ ತಪ್ಪು ತೀರ್ಮಾನವಾಗುತ್ತದೆ.

ಹಲವು ಗ್ಯಾರೇಜುಗಳಲ್ಲಿ ಕನ್ವರ್ಟರಿಗೆ ಮೊದಲಿನ ಫ್ಲ್ಯಾಂಜಿನ (ಪೈಪುಗಳನ್ನು ಜೋಡಿಸುವ ತಟ್ಟೆಯ) ನಟ್ಟುಗಳನ್ನು ಸಡಿಲಿಸಿ, ಹೊಗೆ ಅಲ್ಲೇ ಹೊರಬರುವಂತೆ ಮಾಡಿ ಓಡಿಸಿ ನೋಡುವ ಪದ್ಧತಿ ಇದೆ. ಶಕ್ತಿ ಮರಳಿದರೆ ದಾರಿ ಕಟ್ಟಿದೆ ಎಂದು ಅರ್ಥ. ನಾವು ಹಾಗೆ ಮಾಡಲಿಲ್ಲ. ಲೋಡಿನಲ್ಲಿ ಕೆಂಡದಂತೆ ಕಾದ ಹೊಗೆ ಡೀಸೆಲ್ ಪೈಪ್ ಮತ್ತು ವೈರಿಂಗಿನ ಮೇಲೆ ಬೀಳುತ್ತದೆ ಎಂಬುದು ಒಂದು ಕಾರಣ. ಕಟ್ಟಿದ್ದು ಕನ್ವರ್ಟರೋ ಅದರ ನಂತರದ ಸೈಲೆನ್ಸರೋ ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ಕಾರಣ; ಸೈಲೆನ್ಸರಿನ ಒಳಗಿನ ತಗಡು ಕಳಚಿ ಅಡ್ಡ ಬಿದ್ದರೂ ಲಕ್ಷಣಗಳು ಇವೇ ಆಗಿರುತ್ತವೆ.

ಬದಲಿಗೆ ಲೇತ್ ಅಂಗಡಿಯಲ್ಲಿ ಫ್ಲ್ಯಾಂಜಿನ ಅಳತೆಗೆ ಎರಡು ದಪ್ಪ ಉಕ್ಕಿನ ಬಿಲ್ಲೆಗಳನ್ನು ಮಾಡಿಸಿ, ಅವುಗಳ ಅಂಚಿನಲ್ಲಿ ಥ್ರೆಡ್ ಹಾಕಿದ ಸಣ್ಣ ತೂತು ಕೊರೆಸಿದೆವು. ಒಂದನ್ನು ಕನ್ವರ್ಟರಿಗೆ ಮೊದಲು, ಇನ್ನೊಂದನ್ನು ನಂತರ ಕೂರಿಸಿ, ಕಾವು ತಗ್ಗಲೆಂದು ಉದ್ದದ ತಾಮ್ರದ ಕೊಳವೆಯ ಮೂಲಕ 0ರಿಂದ 100 ಕಿಲೋಪ್ಯಾಸ್ಕಲಿನ ಗೇಜಿಗೆ ಜೋಡಿಸಿದೆವು. ಹೋಲಿಕೆಗೆ ಅಂಕಿ ಬೇಕಾದ್ದರಿಂದ ಅದೇ ಬಿಲ್ಲೆಗಳನ್ನು ಸಿರುಗುಪ್ಪದ ದಾರಿಯ ಜೋಡಿ ವಾಹನಕ್ಕೂ ಹಾಕಿ ಅಳೆದೆವು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಲೋಡ್ ಇಲ್ಲದೆ 3000 ಆರ್‌ಪಿಎಂನಲ್ಲಿ, ಆ ವಾಹನದ ಕನ್ವರ್ಟರಿಗೆ ಮೊದಲು 4, ನಂತರ 2 ಕಿಲೋಪ್ಯಾಸ್ಕಲ್ ಬಂತು. ದೂರಿನ ವಾಹನದಲ್ಲಿ ಮೊದಲು 27, ನಂತರ 2. ಸೈಲೆನ್ಸರ್ ನಿರ್ದೋಷಿ, ತಡೆ ಇದ್ದದ್ದು ಕನ್ವರ್ಟರಿನೊಳಗೇ. ಲೋಡಿನೊಂದಿಗೆ ಏರಿಗೆ ಹೋದಾಗ ಮುಳ್ಳು 60 ದಾಟಿದ್ದನ್ನು ಕಂಡು ಅಲ್ಲಿಗೇ ನಿಲ್ಲಿಸಿದೆವು, ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಟರ್ಬೊ ಬೇಡವೆಂಬ ತೀರ್ಮಾನ ಈ ನಾಲ್ಕು ಅಂಕಿಗಳ ಮೇಲೆ ನಿಂತಿತು. ಕನ್ವರ್ಟರಿನ ಮೈಯ ಕಾವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದಲೂ ನೋಡಿದ್ದೆವು. ಅದು ಖಚಿತವಾಗಿ ಏನನ್ನೂ ಹೇಳಲಿಲ್ಲ. ಹೊರತಗಡಿನ ಕಾವು ಒಳಗಿನ ಹರಿವಿನ ಸ್ಥಿತಿಯನ್ನು ಹೇಳುತ್ತದೆಂದು ನಂಬುವುದು ಅಪಾಯ.

ಬಿಚ್ಚಿದಾಗ

ಡೀಸೆಲ್ ವಾಹನದ ಈ ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆಬೆಂದ ಇಂಧನದ ಆವಿಯನ್ನು ಸುಡುವ ಆಕ್ಸಿಡೇಶನ್ ಮಾದರಿಯದು. ಒಳಗೆ ಜೇನುಹುಟ್ಟಿನಂತೆ ಸಾವಿರಾರು ಸಣ್ಣ ಕಣ್ಣುಗಳಿರುವ ಸೆರಾಮಿಕ್ ದಿಮ್ಮಿ, ಅದರ ಮೇಲೆ ಪ್ಲಾಟಿನಂ ಗುಂಪಿನ ಲೋಹಗಳ ಲೇಪ. ಒಂದು ತುದಿಯಿಂದ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿದಾಗ ಅಂಚಿನ ಒಂದು ಉಂಗುರದಲ್ಲಿ ಮಾತ್ರ ಬೆಳಕು ಕಾಣಿಸಿತು. ಮುಂದಿನ ಮುಖಕ್ಕೆ ಜಿಡ್ಡು ಕಲೆಸಿದ ಮಸಿ ಗಟ್ಟಿಯಾಗಿ ಮೆತ್ತಿತ್ತು. ನಡುಭಾಗದಲ್ಲಿ ಕೆಲವು ಕಣ್ಣುಗಳ ಗೋಡೆ ಕರಗಿ ಗಾಜಿನಂತೆ ಒಂದಾಗಿತ್ತು: ಕೂಡಿಟ್ಟ ಮಸಿ ಏರಿನ ಕಾವಿಗೆ ಒಮ್ಮೆಲೇ ಹೊತ್ತಿಕೊಂಡಿದೆ ಎಂಬುದರ ಕುರುಹು.

ಶುದ್ಧ ಮಸಿಯಷ್ಟೇ ಆಗಿದ್ದರೆ ಹಿಂದಿನಿಂದ ಗಾಳಿ ಊದಿ, ಕುಲುಮೆಯಲ್ಲಿ ಹಿತಮಿತವಾಗಿ ಕಾಯಿಸಿ ಶುಚಿಗೊಳಿಸುವ ಪ್ರಯತ್ನ ಮಾಡಬಹುದಿತ್ತು. ಕರಗಿದ ಕಣ್ಣುಗಳಿಗೆ ಅದು ಉಪಯೋಗವಿಲ್ಲ. ಸೋರಿಕೆ ಮುಚ್ಚಿದೆಯಲ್ಲ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ತಾನಾಗಿಯೇ ಸುಟ್ಟುಹೋಗುತ್ತದೆ ಎಂಬ ಸಲಹೆಯನ್ನೂ ಒಬ್ಬರು ಕೊಟ್ಟರು. ಆರಂಭದ ಹಂತದಲ್ಲಿ ಅದು ಕೆಲಸ ಮಾಡಬಹುದು. ಇಷ್ಟು ಕಟ್ಟಿದ ಮೇಲೆ ಟರ್ಬೊವನ್ನೂ ಸುಡುವ ಸಾಧ್ಯತೆಯೇ ಹೆಚ್ಚು.

ಮಾಲೀಕರ ಸಲಹೆ ಬೇರೆಯಿತ್ತು. "ಒಳಗಿಂದು ಒಡೆದು ತೆಗೆದು ಬರೇ ಡಬ್ಬಿ ಹಾಕಿಬಿಡ್ರಿ, ಎಲ್ರೂ ಹಂಗೇ ಮಾಡ್ತಾರ" ಎಂದರು. ಎಲ್ಲರೂ ಅಲ್ಲದಿದ್ದರೂ ಅನೇಕರು ಹಾಗೆ ಮಾಡುವುದು ನಿಜ, ಅದರಿಂದ ಶಕ್ತಿ ಮರಳುವುದೂ ನಿಜ. ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ ಎಂದು ಅವರನ್ನು ಹೆದರಿಸಲು ನಮಗೆ ಮನಸ್ಸಾಗಲಿಲ್ಲ, ಏಕೆಂದರೆ ಅದು ಪೂರ್ತಿ ನಿಜವಲ್ಲ. ಡೀಸೆಲ್ ವಾಹನದ ತಪಾಸಣೆ ಹೊಗೆಯ ಕಪ್ಪನ್ನು ಅಳೆಯುತ್ತದೆ, ಭಾರತ್ ಸ್ಟೇಜ್ 4 ವಾಹನಕ್ಕೆ ಅದರ ಮಿತಿ 1.62 (ಪ್ರತಿ ಮೀಟರಿಗೆ ಹೊಗೆ ಬೆಳಕನ್ನು ತಡೆಯುವ ಪ್ರಮಾಣ); ಈ ಕನ್ವರ್ಟರ್ ಮುಖ್ಯವಾಗಿ ಸುಡುವುದು ಕಣ್ಣಿಗೆ ಕಾಣದ ಅನಿಲಗಳನ್ನು. ಖಾಲಿ ಡಬ್ಬಿಯ ವಾಹನವೂ ಆ ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೆ ತಯಾರಕರು ಕೊಟ್ಟ ಭಾಗವನ್ನು ಹೀಗೆ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವಕಾಶ ಕೊಡುವುದಿಲ್ಲ. ವಾಯುಮಾಲಿನ್ಯದ ಮಾನದಂಡ ಮೀರಿದರೆ 190(2)ನೇ ಕಲಂ ಪ್ರಕಾರ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿಯವರೆಗೆ ಇದೆ. ಎಂಟು ವರ್ಷ ದಾಟಿದ ಸರಕು ವಾಹನ ವರ್ಷಕ್ಕೊಮ್ಮೆ ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋಗಲೇಬೇಕು. ಇದಕ್ಕಿಂತ ಮಾಲೀಕರಿಗೆ ಒಪ್ಪಿಗೆಯಾದ ವಾದ ಇನ್ನೊಂದು: ಮಸಿ ಎಲ್ಲಿಂದ ಬಂತೆಂದು ತಿಳಿಯದೆ ಡಬ್ಬಿ ಖಾಲಿ ಮಾಡಿದರೆ, ಅದೇ ಮಸಿ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಕವಾಟ) ಮತ್ತು ಇನ್‌ಟೇಕಿನಲ್ಲಿ ಕೂಡುತ್ತಾ ಹೋಗಿ ಮುಂದಿನ ಖರ್ಚು ಅಲ್ಲಿ ಏಳುತ್ತದೆ. ಕಂಪನಿಯ ಹೊಸ ಕನ್ವರ್ಟರ್ ತರಿಸಲು ಒಪ್ಪಿದರು.

ಅಂದಹಾಗೆ, ಹಳೆಯ ಕನ್ವರ್ಟರನ್ನು ಒಳಗಿನ ಲೋಹಕ್ಕಾಗಿ ಗುಜರಿಯವರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ. ಉಚಿತವಾಗಿ ತೆಗೆದುಕೊಡುತ್ತೇವೆ ಎನ್ನುವವರ ಉತ್ಸಾಹಕ್ಕೆ ಇದೂ ಒಂದು ಕಾರಣ. ಈ ವಾಹನದ ಹಳೆಯ ಕನ್ವರ್ಟರನ್ನು ಮಾಲೀಕರ ಕೈಗೇ ಕೊಟ್ಟೆವು.

ಮಸಿ ಎಲ್ಲಿಂದ ಬಂತು

ಹೋಸಿನ ಸೀಳು ಅರ್ಧ ಉತ್ತರ. ಸೀಳು ಬಾಯ್ದೆರೆಯುವುದು ಬೂಸ್ಟ್ ಹೆಚ್ಚಾದಾಗ. ಓಣಿಗಳಲ್ಲಿ ನಿಂತು ಸಾಗುವ ವಾಹನದಲ್ಲಿ ಬೂಸ್ಟ್ ಅಷ್ಟಾಗಿ ಏರುವುದೇ ಇಲ್ಲ. ಮುಖದ ಮೇಲಿನ ಜಿಡ್ಡು ಬೇರೇನನ್ನೋ ಹೇಳುತ್ತಿತ್ತು. ಇಂಜೆಕ್ಟರುಗಳ ರಿಟರ್ನ್, ಅಂದರೆ ಅವುಗಳಿಂದ ಟ್ಯಾಂಕಿನತ್ತ ಮರಳುವ ಡೀಸೆಲ್, ಅಳೆದೆವು, ನಾಲ್ಕೂ ಸಮವಾಗಿದ್ದವು. ಇಜಿಆರ್ ವಾಲ್ವ್ ಮಸಿಯಿಂದಾಗಿ ಪೂರ್ತಿ ಮುಚ್ಚುತ್ತಿರಲಿಲ್ಲ, ಆದರೆ ಅದು ಮೂಲವೋ ಪರಿಣಾಮವೋ ಹೇಳುವುದು ಕಷ್ಟ: ಹಿಂದೊತ್ತಡ ಏರಿದಷ್ಟೂ ಇಜಿಆರ್ ಮೂಲಕ ಎಂಜಿನ್ನಿಗೆ ಮರಳುವ ಹೊಗೆ ಹೆಚ್ಚುತ್ತದೆ, ಹೊಗೆ ಹೆಚ್ಚಿದಷ್ಟೂ ಮಸಿ ಹೆಚ್ಚುತ್ತದೆ, ಮಸಿ ಹೆಚ್ಚಿದಷ್ಟೂ ಕನ್ವರ್ಟರ್ ಕಟ್ಟುತ್ತದೆ. ಒಮ್ಮೆ ಆರಂಭವಾದ ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

ಉತ್ತರ ಸಿಕ್ಕಿದ್ದು ಆ ಹಳೆಯ ವೋಲ್ಟೇಜ್ ಕೋಡಿನಿಂದ. ಮಾಲೀಕರು ಇಲ್ಲದಾಗ ಚಾಲಕನನ್ನು ಕೇಳಿದೆವು: ಬಂಡಲ್ ಹೇರುವಾಗ ಎಂಜಿನ್ ಬಂದ್ ಮಾಡ್ತೀಯೇನಪ್ಪಾ? "ಇಲ್ರಿ ಸರ, ಬ್ಯಾಟರಿ ವೀಕ್ ಐತ್ರಿ. ಬಂದ್ ಮಾಡಿದ್ರ ಮತ್ತ ತಳ್ಳಬೇಕ್ರಿ. ಸಾವ್ಕಾರಿಗೆ ಹೇಳೀನ್ರಿ, ಆಮೇಲೆ ನೋಡೋಣ ಅಂದ್ರು" ಎಂದ. ಅಂದರೆ ಬೆಳಿಗ್ಗೆ ಸ್ಟಾರ್ಟ್ ಆದ ಎಂಜಿನ್ ಬಂಡಲ್ ಏರುವ, ಇಳಿಯುವ ಹೊತ್ತೆಲ್ಲ ಐಡ್ಲಿಂಗಿನಲ್ಲೇ ಇರುತ್ತಿತ್ತು. ಆಕ್ಸಿಡೇಶನ್ ಕನ್ವರ್ಟರ್ ಕೆಲಸ ಆರಂಭಿಸಲು ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಐಡ್ಲಿಂಗಿನಲ್ಲಿರುವ ಡೀಸೆಲ್ ಎಂಜಿನ್ನಿನ ಹೊಗೆ ಅಷ್ಟು ಬಿಸಿಯಾಗಿರುವುದಿಲ್ಲ. ಅರೆಬೆಂದ ಇಂಧನ ಜಿಡ್ಡಾಗಿ ದಿಮ್ಮಿಯ ಮುಖಕ್ಕೆ ಅಂಟುತ್ತದೆ, ಅದರ ಮೇಲೆ ಮಸಿ ಕೂರುತ್ತದೆ. ಊರೊಳಗೆ ಖಾಲಿ ಅಥವಾ ಹಗುರ ಲೋಡಿನಲ್ಲಿ ಓಡುವಷ್ಟು ದಿನ ಅದು ಯಾರ ಗಮನಕ್ಕೂ ಬರಲಿಲ್ಲ, ಸಂಡೂರಿನ ಏರು ಅದನ್ನು ಬಯಲಿಗೆ ತಂದಿತು.

ಚಾಲಕನನ್ನು ಮಾಲೀಕರ ಎದುರು ಕೇಳಿದ್ದರೆ ಈ ಉತ್ತರ ಬರುತ್ತಿತ್ತೆಂದು ನಮಗನ್ನಿಸುವುದಿಲ್ಲ. ವಾಹನವನ್ನು ಗ್ಯಾರೇಜಿಗೆ ತರುವವರು ಮಾಲೀಕರು, ಅದರ ದಿನಚರಿ ಗೊತ್ತಿರುವುದು ಚಾಲಕನಿಗೆ. ಪ್ರಶ್ನೆಯನ್ನು ಕೇಳುವ ಹೊತ್ತೂ ಜಾಗವೂ ತಪಾಸಣೆಯ ಭಾಗವೇ.

ಪರಿಣಾಮ

ಹೊಸ ಕನ್ವರ್ಟರ್ ಹಾಕುವ ಮೊದಲು ಇಜಿಆರ್ ವಾಲ್ವ್ ಬಿಚ್ಚಿ ತೊಳೆದೆವು, ಬ್ಯಾಟರಿ ಬದಲಿಸಿದೆವು, ತುಕ್ಕು ಹಿಡಿದಿದ್ದ ಅರ್ಥ್ ವೈರನ್ನೂ ಬದಲಿಸಿದೆವು. ಆಲ್ಟರ್ನೇಟರಿನ ಚಾರ್ಜಿಂಗ್ 14.1 ವೋಲ್ಟ್ ಇದ್ದುದರಿಂದ ಅದನ್ನು ಮುಟ್ಟಲಿಲ್ಲ. ಈ ಕ್ರಮ ಮುಖ್ಯ: ಕಾರಣಗಳು ಉಳಿದಿರುವಾಗಲೇ ಹೊಸ ಕನ್ವರ್ಟರ್ ಹಾಕಿದ್ದರೆ ಅದೂ ಹಳೆಯದರ ದಾರಿ ಹಿಡಿಯುತ್ತಿತ್ತು. ಮತ್ತೆ ಅಳೆದಾಗ ಕನ್ವರ್ಟರಿಗೆ ಮೊದಲಿನ ಒತ್ತಡ 3000 ಆರ್‌ಪಿಎಂನಲ್ಲಿ 4 ಇತ್ತು. ಅದೇ ಲೋಡು, ಅದೇ ಏರಿನಲ್ಲಿ ಬೂಸ್ಟ್ 205ಕ್ಕೆ ಬಂತು, ವಾಹನ ಮೂರನೇ ಗೇರಿನಲ್ಲಿ ಏರಿತು. ಕಾಲ ಕೆಳಗಿನ ಕಾವೂ ಹೋಯಿತೆಂದು ಚಾಲಕ ಹೇಳಿದ.

ಖರ್ಚಿನ ಸಿಂಹಪಾಲು ಕನ್ವರ್ಟರಿನದು. ಸಕಾಲದಲ್ಲಿ ಬ್ಯಾಟರಿ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ಅದರ ಮೇಲೆ ವ್ಯರ್ಥವಾದ ಕ್ಲಚ್ ಪ್ಲೇಟಿನ ಲೆಕ್ಕ ಬೇರೆ. ಬಿಲ್ಲು ನೋಡಿದ ಮಾಲೀಕರು ಆ ಹೋಲಿಕೆಯನ್ನು ತಾವೇ ಮಾಡಿಕೊಂಡರು, ನಾವು ಹೇಳಬೇಕಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಸರ್ವೀಸಿಗೆ ಬಂದಾಗ ಎರಡೂ ವಾಹನಗಳಿಗೆ ಅವೇ ಬಿಲ್ಲೆಗಳನ್ನು ಹಾಕಿ ಅಳೆದೆವು. ರಿಪೇರಿಯಾದ ವಾಹನ ಈಗ ಸಂಡೂರು ಮತ್ತು ಸಿರುಗುಪ್ಪ ಎರಡೂ ದಾರಿಗಳಲ್ಲಿ ಓಡುತ್ತಿದ್ದು 5 ತೋರಿಸಿತು. ಜೀನ್ಸ್ ಕೆಲಸಕ್ಕೆ ಬದಲಾಗಿದ್ದ ಜೋಡಿ ವಾಹನ, ಅಂದರೆ ನಾವು ಅಳತೆಗೋಲಾಗಿ ಬಳಸಿದ್ದ ವಾಹನ, 4ರಿಂದ 9ಕ್ಕೆ ಏರಿತ್ತು. ಅದರ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಸೆಕೆಗೆ ಫ್ಯಾನ್ ಓಡಲೆಂದು ಅದರ ಚಾಲಕನೂ ಎಂಜಿನ್ ಚಾಲೂ ಇಡುತ್ತಿದ್ದ. ಈ ಹಂತದಲ್ಲಿ ಮಸಿ ಇನ್ನೂ ಸುಟ್ಟುಹೋಗಬಲ್ಲದು ಎಂದು ತೀರ್ಮಾನಿಸಿ, ವಾರಕ್ಕೊಮ್ಮೆ ಎರಡೂ ವಾಹನಗಳ ದಾರಿ ಅದಲುಬದಲು ಮಾಡಲು ಮಾಲೀಕರಿಗೆ ತಿಳಿಸಿದ್ದೇವೆ, ಹೇರುವಾಗ ಎಂಜಿನ್ ಬಂದ್ ಮಾಡಬೇಕೆಂದು ಇಬ್ಬರು ಚಾಲಕರಿಗೂ ಹೇಳಿದ್ದೇವೆ, ಮತ್ತು ಅಷ್ಟೇ ಹಳೆಯದಾದ ಅದರ ಇಂಟರ್‌ಕೂಲರ್ ಹೋಸನ್ನು ಸೀಳುವ ಮೊದಲೇ ಬದಲಿಸಿದ್ದೇವೆ. ಮುಂದಿನ ಸರ್ವೀಸಿನಲ್ಲಿ 9 ಎಲ್ಲಿಗೆ ಬಂದಿದೆ ಎಂಬುದನ್ನು ನೋಡಿ ಕನ್ವರ್ಟರ್ ಬಿಚ್ಚುವುದೋ ಬೇಡವೋ ಎಂದು ನಿರ್ಧರಿಸಲಾಗುವುದು.